ಕಟಕಟೆ ಹತ್ತುವ ಫೋಟೋ

‘ನಿಪಿ.5ರಿಂದ ನಿಪಿ.9ರವರೆಗಿನ ಫೋಟೋಗಳು ಘಟನಾ ಸ್ಥಳದವಲ್ಲ, ಬೇರೆಲ್ಲೋ ತೆಗೆಸಿ ಈ ಕೇಸಿಗೆಂದು ಸೃಷ್ಟಿಸಿಕೊಂಡವು ಎಂದರೆ ಸರಿಯಲ್ಲ.’ ನಮ್ಮ ವಿಚಾರಣಾ ನ್ಯಾಯಾಲಯಗಳ ಸಾಕ್ಷಿ ಹೇಳಿಕೆಗಳಲ್ಲಿ ಇಂಥ ಸಾಲು ಮತ್ತೆ ಮತ್ತೆ ಬರುತ್ತದೆ. ಪಾಟೀಸವಾಲಿನಲ್ಲಿ ಎದುರು ವಕೀಲರು ಮುಂದಿಟ್ಟ ಸೂಚನೆ, ಸಾಕ್ಷಿ ಅದನ್ನು ಅಲ್ಲಗಳೆದ ಉತ್ತರ, ಎರಡೂ ಒಂದೇ ವಾಕ್ಯದಲ್ಲಿ ಕೂತಿರುತ್ತವೆ. ಓದುವವರಿಗೆ ಅದು ಬರೀ ವಾಡಿಕೆಯ ಮಾತೆನ್ನಿಸಬಹುದು. ಆದರೆ ಸಾಕ್ಷಿ ‘ಸರಿಯಲ್ಲ’ ಎಂದ ಮೇಲೆ ಮುಂದಿನ ಪ್ರಶ್ನೆಗಳು ಬರುತ್ತವೆ. ತೆಗೆದವರು ಯಾರು? ಯಾವ ಫೋನು? ಆ ಫೋನು ಈಗ ಎಲ್ಲಿದೆ? ಪ್ರಿಂಟ್ ಹಾಕಿಸಿದ್ದು ಎಲ್ಲಿ? ಈ ನಾಲ್ಕಕ್ಕೆ ಉತ್ತರ ಇಲ್ಲದೆ ನಿಜವಾದ ಫೋಟೋಗಳು ಬೆಲೆ ಕಳೆದುಕೊಳ್ಳುತ್ತವೆ.

ಫೋಟೋ ನೋಡಿದರೆ ಸಾಕು, ಎಲ್ಲ ಗೊತ್ತಾಗುತ್ತದೆ ಎಂಬ ನಂಬಿಕೆ ಮನೆಯಲ್ಲಿ ನಡೆಯುತ್ತದೆ, ಜಾಲತಾಣದಲ್ಲೂ ನಡೆಯುತ್ತದೆ. ಕೋರ್ಟಿನಲ್ಲಿ ನಡೆಯುವುದಿಲ್ಲ. ಅಲ್ಲಿ ಫೋಟೋದ ಜೊತೆ ಒಬ್ಬ ಮನುಷ್ಯ ಕಟಕಟೆ ಹತ್ತಬೇಕು. ‘ಇದು ನಾನು ತೆಗೆದದ್ದು’ ಎಂದೋ, ‘ನಾನು ಕಂಡ ಜಾಗ ಹೀಗೇ ಇತ್ತು’ ಎಂದೋ ಪ್ರಮಾಣ ಮಾಡಿ ಹೇಳಬೇಕು. ತೆಗೆದ ಗಳಿಗೆಯಿಂದ ಹಾಜರುಪಡಿಸಿದ ದಿನದವರೆಗೆ ಆ ಚಿತ್ರ ಎಲ್ಲೆಲ್ಲಿ ಇತ್ತು, ಯಾರ ಕೈ ದಾಟಿತು ಎಂಬ ಕಥೆಯೂ ಬೇಕು. ಆ ಕಥೆಯನ್ನು ಅಂದಂದೇ ಬರೆದಿಟ್ಟವರು ಉಳಿಯುತ್ತಾರೆ. ಕೇಸು ಹಾಕಿದ ಮೇಲೆ ನೆನಪಿನಿಂದ ಕಟ್ಟಲು ಹೊರಟವರು ಎಡವುತ್ತಾರೆ. ಸುಳ್ಳು ಹೇಳುವವರಿಗಿಂತ ಹೆಚ್ಚಾಗಿ, ಸತ್ಯವೇ ತಮ್ಮ ಕಡೆ ಇದೆಯೆಂದು ಮೈಮರೆತ ಪ್ರಾಮಾಣಿಕರು ಇಲ್ಲಿ ಸೋಲುತ್ತಾರೆ ಎಂಬುದೇ ಈ ಬರಹಕ್ಕೆ ಕಾರಣ.

ಮೊದಲು ಆ ‘ನಿಪಿ’ಯ ವಿಚಾರ. ಅಭಿಯೋಜನೆ ಅಥವಾ ವಾದಿ ಹಾಜರುಪಡಿಸಿದ ದಾಖಲೆಗೆ ನಿಶಾನೆ ಪಿ, ಆರೋಪಿ ಅಥವಾ ಪ್ರತಿವಾದಿಯ ದಾಖಲೆಗೆ ನಿಶಾನೆ ಡಿ, ನ್ಯಾಯಾಲಯವೇ ತರಿಸಿಕೊಂಡದ್ದಕ್ಕೆ ನಿಶಾನೆ ಸಿ. ಮಚ್ಚು, ರಕ್ತದ ಬಟ್ಟೆ, ಮೊಬೈಲು ಮುಂತಾದ ವಸ್ತುಗಳು ಮುದ್ದೆಮಾಲುಗಳು, ಅವಕ್ಕೆ ಮುಮಾ.1, ಮುಮಾ.2 ಎಂದು ಬೇರೆಯದೇ ಸಾಲು. ಒಂದು ದಾಖಲೆಯೊಳಗಿನ ಸಹಿಯನ್ನೋ ಭಾಗವನ್ನೋ ತೋರಿಸಬೇಕಾದರೆ ನಿಪಿ.1(ಎ), ನಿಪಿ.1(ಬಿ). ಸಿವಿಲ್ ದಾವೆಗಳಲ್ಲಿ ಇದರ ಬೇರು ಸಿವಿಲ್ ಪ್ರಕ್ರಿಯಾ ಸಂಹಿತೆಯ 13ನೇ ಆದೇಶದ 4ನೇ ನಿಯಮದಲ್ಲಿದೆ. ಸಾಕ್ಷ್ಯವಾಗಿ ಸ್ವೀಕರಿಸಿದ ಪ್ರತಿ ದಾಖಲೆಯ ಮೇಲೂ ದಾವೆಯ ನಂಬರ್ ಮತ್ತು ಶೀರ್ಷಿಕೆ, ಹಾಜರುಪಡಿಸಿದವರ ಹೆಸರು, ಹಾಜರುಪಡಿಸಿದ ದಿನ, ಸ್ವೀಕರಿಸಲಾಗಿದೆ ಎಂಬ ಷರಾ ಇರಬೇಕು, ಅದಕ್ಕೆ ನ್ಯಾಯಾಧೀಶರ ಸಹಿಯೋ ಚುಟುಕು ಸಹಿಯೋ ಬೀಳಬೇಕು ಎನ್ನುತ್ತದೆ ಅದು.

ಈ ನಂಬರು ಹಾಕುವ ಪದ್ಧತಿ ದೇಶದಾದ್ಯಂತ ಒಂದೇ ರೀತಿ ಇರಲಿಲ್ಲ. ಒಂದು ಕ್ರಿಮಿನಲ್ ಅಪೀಲು ಕೇಳುವಾಗ ಸುಪ್ರೀಂ ಕೋರ್ಟಿಗೆ ಈ ಗೊಂದಲ ಎದ್ದು ಕಂಡಿತು. ಸ್ವಯಂಪ್ರೇರಿತವಾಗಿ ಎತ್ತಿಕೊಂಡ ಆ ವಿಷಯದಲ್ಲಿ 2021ರ ಏಪ್ರಿಲ್‌ನಲ್ಲಿ ಅದು ಕ್ರಿಮಿನಲ್ ವಿಚಾರಣೆಯ ಕರಡು ನಿಯಮಗಳಿಗೆ ಅಂತಿಮ ರೂಪ ಕೊಟ್ಟು, ಎಲ್ಲ ಹೈಕೋರ್ಟುಗಳೂ ಅಳವಡಿಸಿಕೊಳ್ಳಬೇಕೆಂದಿತು. ಅದರಲ್ಲಿ ನನಗೆ ತುಂಬ ಮುಖ್ಯವೆನಿಸಿದ್ದು ಎರಡು ಸಣ್ಣ ಮಾತು. ದಾಖಲೆಯ ನಂಬರಿನ ಪಕ್ಕದಲ್ಲಿ ಅದನ್ನು ಯಾವ ಸಾಕ್ಷಿಯ ಮೂಲಕ ಗುರುತಿಸಲಾಯಿತೋ ಆ ಸಾಕ್ಷಿಯ ನಂಬರೂ ಇರಲಿ, ಅಂದರೆ ಪಿ-1/ಪಿಡಬ್ಲ್ಯು-1 ಎಂಬಂತೆ. ಸರಿಯಾದ ರುಜುವಾತು ಇಲ್ಲದೆ ಗುರುತಿಸಿದ್ದರೆ ಅಲ್ಲೇ ಆವರಣದಲ್ಲಿ ‘ರುಜುವಾತಿಗೆ ಒಳಪಟ್ಟು’ ಎಂದು ಕಾಣಿಸಲಿ. ಕಾಗದಕ್ಕೆ ಅದರ ಮನುಷ್ಯನನ್ನು ಅಂಟಿಸಿಡುವ ಏರ್ಪಾಡು ಇದು. ಕಕ್ಷಿದಾರರು ಹೆಚ್ಚಾಗಿ ತಪ್ಪು ತಿಳಿಯುವುದೂ ಇಲ್ಲಿಯೇ: ಫೋಟೋಗೆ ನಂಬರು ಬಿದ್ದ ಕೂಡಲೇ ಅದು ಒಪ್ಪಿತವಾಯಿತು ಎಂದುಕೊಳ್ಳುತ್ತಾರೆ. ಮಾರ್ಕ್ ಆಗುವುದು ಬೇರೆ, ರುಜುವಾತಾಗುವುದು ಬೇರೆ. ರುಜುವಾತಾದ ಮೇಲೂ ನ್ಯಾಯಾಧೀಶರು ಅದಕ್ಕೆ ಎಷ್ಟು ತೂಕ ಕೊಡುತ್ತಾರೆ ಎಂಬುದು ಮತ್ತೂ ಬೇರೆ.

ನಂಬರಿನ ನಿಜವಾದ ಬೆಲೆ ತಿಳಿಯುವುದು ಅಪೀಲಿನಲ್ಲಿ. ವಿಚಾರಣೆಯ ದಿನ ಸಾಕ್ಷಿ ಫೋಟೋದ ಮೇಲೆ ಬೆರಳಿಟ್ಟು ‘ಇಲ್ಲಿಂದ ಲಾರಿ ಬಂತು, ಇಲ್ಲಿ ನಮ್ಮಣ್ಣ ಬಿದ್ದಿದ್ದ’ ಎನ್ನುತ್ತಾನೆ. ಆ ಕೋಣೆಯಲ್ಲಿದ್ದ ಎಲ್ಲರಿಗೂ ಅರ್ಥವಾಗುತ್ತದೆ. ಹೇಳಿಕೆಯಲ್ಲಿ ಮಾತ್ರ ‘ಇಲ್ಲಿ’, ‘ಅಲ್ಲಿ’ ಎಂಬ ಪದಗಳಷ್ಟೇ ಉಳಿಯುತ್ತವೆ. ವರ್ಷಗಳ ಮೇಲೆ ಹೈಕೋರ್ಟಿನ ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠದಲ್ಲಿ ಕಡತ ಬಿಚ್ಚುವ ನ್ಯಾಯಮೂರ್ತಿಗಳಿಗೆ ಆ ಬೆರಳು ಕಾಣುವುದಿಲ್ಲ. ಅದಕ್ಕೇ ಒಳ್ಳೆಯ ವಕೀಲರು ಸಾಕ್ಷಿ ಬೆರಳಿಟ್ಟ ಕೂಡಲೇ ತಡೆದು, ನ್ಯಾಯಾಲಯದ ಅನುಮತಿ ಪಡೆದು, ಆ ಜಾಗಕ್ಕೆ ಒಂದು ಸುತ್ತು ಹಾಕಿಸಿ ನಿಪಿ.6(ಎ) ಎಂದು ಗುರುತಿಸುತ್ತಾರೆ, ‘ನಿಪಿ.6ರಲ್ಲಿ ರಸ್ತೆಯ ಎಡಗಡೆ ಕಾಣುವ ಹುಣಸೆ ಮರದ ಬುಡವನ್ನು ಸಾಕ್ಷಿ ತೋರಿಸುತ್ತಾರೆ’ ಎಂದು ಹೇಳಿಕೆಯಲ್ಲೇ ಬರೆಸುತ್ತಾರೆ. ಎರಡು ನಿಮಿಷದ ಕೆಲಸ. ಕೋರ್ಟಿಗೆ ಒಂದು ಗುಡ್ಡೆ ಫೋಟೋ ಕೊಟ್ಟು ‘ನಿಪಿ.5ರಿಂದ 20’ ಎಂದು ಒಟ್ಟಿಗೆ ಗುರುತಿಸಿ ಮುಂದೆ ಹೋಗುವ ಆತುರದಲ್ಲಿ ಈ ಎರಡು ನಿಮಿಷ ಕೈತಪ್ಪುತ್ತದೆ. ಆಮೇಲೆ ಯಾವ ಫೋಟೋ ಯಾವ ದಿಕ್ಕಿನದು ಎಂದು ಯಾರಿಗೂ ಗೊತ್ತಾಗುವುದಿಲ್ಲ.

ಫಿಲಂ ಕಾಲದಲ್ಲಿ ಈ ಕಥೆಗೆ ಒಂದು ಗಟ್ಟಿ ಆಧಾರವಿತ್ತು, ನೆಗೆಟಿವ್. ಠಾಣೆಯವರು ಪಕ್ಕದ ಊರಿನ ಸ್ಟುಡಿಯೋದವರನ್ನು ಕರೆಸುತ್ತಿದ್ದರು. ಅವರು ಮಹಜರಿನ ಹೊತ್ತಿಗೆ ಬಂದು ಫೋಟೋ ತೆಗೆದು, ತೊಳೆದು, ಪ್ರಿಂಟ್ ಹಾಕಿ, ನೆಗೆಟಿವ್ ಸಮೇತ ಬಿಲ್ ಕೊಡುತ್ತಿದ್ದರು. ಕೋರ್ಟಿನಲ್ಲಿ ಫೋಟೋಗಳಿಗೆ ಒಂದು ನಂಬರು, ನೆಗೆಟಿವ್‌ಗಳಿಗೆ ಅದರದೇ ಉಪನಂಬರು, ಬಿಲ್ಲಿಗೆ ಇನ್ನೊಂದು. ನೆಗೆಟಿವ್ ಇಲ್ಲದ ಫೋಟೋಗೆ ಎದುರು ವಕೀಲರ ಆಕ್ಷೇಪಣೆ ಖಚಿತ. ಆ ಸ್ಟುಡಿಯೋದವರು ವರ್ಷಗಳ ನಂತರ ಸಮನ್ಸ್ ಬಂದಾಗ ಅಂಗಡಿ ಮುಚ್ಚಿ ಬಂದು ‘ಹೌದು, ನಾನೇ ತೆಗೆದದ್ದು’ ಎಂದು ಹೇಳಿ ಹೋಗುತ್ತಿದ್ದರು. ನಮ್ಮ ಊರುಗಳ ನ್ಯಾಯದಾನಕ್ಕೆ ಅವರು ಸಲ್ಲಿಸಿದ ಸೇವೆಯನ್ನು ಯಾರೂ ಎಲ್ಲೂ ಬರೆದಿಟ್ಟ ಹಾಗಿಲ್ಲ. ಸಿವಿಲ್ ದಾವೆಗಳಲ್ಲಿ ಇವತ್ತಿಗೂ ಫೋಟೋ, ಸಿಡಿ, ಸ್ಟುಡಿಯೋ ರಸೀದಿ ಮೂರನ್ನೂ ಸಾಲಾಗಿ ಮಾರ್ಕ್ ಮಾಡಿಸುವ ರೂಢಿ ಆ ಕಾಲದ್ದೇ ಮುಂದುವರಿಕೆ.

ಕಾಯಿದೆಗೆ ಫೋಟೋದ ಪರಿಚಯ ಬಹಳ ಹಳೆಯದು. ಛಾಯಾಗ್ರಹಣ ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ. ಮೂವತ್ತಮೂರೇ ವರ್ಷಕ್ಕೆ, 1872ರ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದಕ್ಕೆ ಜಾಗ ಸಿಕ್ಕಿತ್ತು. ಮೂಲ ದಾಖಲೆಯ ಫೋಟೋ ಅದರ ಎರಡನೆಯ ದರ್ಜೆಯ ಸಾಕ್ಷ್ಯವಾಗುತ್ತದೆ, ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸದಿದ್ದರೂ ಸರಿ, ಫೋಟೋ ತೆಗೆದದ್ದು ಮೂಲವನ್ನೇ ಎಂಬುದು ಸಾಬೀತಾದರೆ ಸಾಕು ಎಂಬ ಉದಾಹರಣೆ ಆ ಕಾಯಿದೆಯಲ್ಲೇ ಇತ್ತು. ಕ್ಯಾಮೆರಾದ ಮೇಲೆ ಅಷ್ಟು ನಂಬಿಕೆ. ಆದರೆ ‘ಮೂಲವನ್ನೇ ತೆಗೆದದ್ದು’ ಎಂದು ಸಾಬೀತು ಮಾಡುವ ಹೊರೆ ಆಗಲೂ ಮನುಷ್ಯನ ಮೇಲೆಯೇ ಇತ್ತು.

ಡಿಜಿಟಲ್ ಕ್ಯಾಮೆರಾ ಬಂದು ನೆಗೆಟಿವ್ ಹೋಯಿತು. ಮೂಲ ಯಾವುದು, ನಕಲು ಯಾವುದು ಎಂಬ ಗೆರೆಯೇ ಮಸುಕಾಯಿತು. 2000ದಲ್ಲಿ ಮಾಹಿತಿ ತಂತ್ರಜ್ಞಾನ ಕಾಯಿದೆಯ ಜೊತೆಗೆ ಸಾಕ್ಷ್ಯ ಅಧಿನಿಯಮಕ್ಕೆ 65ಬಿ ಕಲಮು ಸೇರಿತು: ಕಂಪ್ಯೂಟರಿನಿಂದ ಹೊರಬಂದ ಪ್ರತಿಯನ್ನು, ಅದು ಪ್ರಿಂಟ್ ಆಗಿರಲಿ, ಸಿಡಿ ಆಗಿರಲಿ, ಸಾಕ್ಷ್ಯವಾಗಿ ಒಪ್ಪಬೇಕಾದರೆ ಆ ಸಾಧನದ ಹೊಣೆ ಹೊತ್ತವರ ಪ್ರಮಾಣಪತ್ರ ಬೇಕು. ಹತ್ತು ವರ್ಷಕ್ಕೂ ಮೇಲೆ ಇದನ್ನು ಯಾರೂ ಅಷ್ಟು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. 2014ರ ಸೆಪ್ಟೆಂಬರ್‌ನಲ್ಲಿ ಪಿ.ವಿ. ಅನ್ವರ್ ವಿರುದ್ಧ ಪಿ.ಕೆ. ಬಷೀರ್ ಪ್ರಕರಣದ ತೀರ್ಪು ಬಂತು. ಕೇರಳದ ಎರನಾಡು ಕ್ಷೇತ್ರದ 2011ರ ಚುನಾವಣೆಯ ತಕರಾರು ಅದು. ಆಕ್ಷೇಪಾರ್ಹ ಹಾಡು, ಭಾಷಣ, ಘೋಷಣೆಗಳನ್ನು ರೆಕಾರ್ಡ್ ಮಾಡಿ, ಕಂಪ್ಯೂಟರಿಗೆ ಹಾಕಿ, ಅಲ್ಲಿಂದ ಸಿಡಿ ಮಾಡಿ ಕೋರ್ಟಿಗೆ ಕೊಟ್ಟಿದ್ದರು. ಪ್ರಮಾಣಪತ್ರ ಇರಲಿಲ್ಲ. ಆ ಸಿಡಿಗಳು ಸಾಕ್ಷ್ಯದಿಂದ ಹೊರಬಿದ್ದವು. ಪ್ರಚಾರದಲ್ಲಿ ಬಳಸಿದ ಮೂಲ ಸಿಡಿಗಳನ್ನೇ ವಶಪಡಿಸಿ ತಂದಿದ್ದರೆ ಮಾತು ಬೇರೆಯಿತ್ತು ಎಂದೂ ಸುಪ್ರೀಂ ಕೋರ್ಟ್ ಹೇಳಿತು.

ಆ ಮಾತನ್ನು 2020ರ ಜುಲೈ 14ರಂದು ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಇನ್ನಷ್ಟು ಬಿಡಿಸಿ ಹೇಳಿತು. ಮಹಾರಾಷ್ಟ್ರದ ಜಾಲ್ನಾದಲ್ಲಿ ನಾಮಪತ್ರವನ್ನು ಗಡುವು ಮೀರಿದ ಮೇಲೆ ಸಲ್ಲಿಸಲಾಯಿತೇ ಎಂಬುದು ಪ್ರಶ್ನೆ; ಚುನಾವಣಾಧಿಕಾರಿಯ ಕಚೇರಿಯ ವಿಡಿಯೋ ಅದಕ್ಕೆ ಸಾಕ್ಷ್ಯ. ಮೂಲ ಸಾಧನದ ಒಡೆಯನೇ ಆ ಸಾಧನವನ್ನು ತಂದು ಕಟಕಟೆಯಲ್ಲಿ ತೋರಿಸಿದರೆ ಪ್ರಮಾಣಪತ್ರ ಬೇಡ. ಪ್ರತಿ ಮಾತ್ರ ತರುವುದಾದರೆ ಪ್ರಮಾಣಪತ್ರ ಬೇಕೇ ಬೇಕು. ಅದನ್ನು ಕೊಡಬೇಕಾದವರು ಕೊಡದೆ ಸತಾಯಿಸಿದರೆ ಕೋರ್ಟಿಗೆ ಅರ್ಜಿ ಹಾಕಿ ತರಿಸಿಕೊಳ್ಳಬಹುದು. ಒಬ್ಬ ಸಾಮಾನ್ಯ ಕಕ್ಷಿದಾರನ ದೃಷ್ಟಿಯಿಂದ ಇದು ನ್ಯಾಯವಾದ ಇತ್ಯರ್ಥ ಎಂದೇ ನನ್ನ ಎಣಿಕೆ. ಪಕ್ಕದ ಅಂಗಡಿಯ ಕ್ಯಾಮೆರಾದಲ್ಲಿ ತನ್ನ ಅಪಘಾತ ಸೆರೆಯಾಗಿದ್ದು, ಅಂಗಡಿಯವನು ‘ಕೋರ್ಟು ಕಚೇರಿ ನಮಗೆ ಬೇಡ’ ಎಂದರೆ ಗಾಯಾಳು ಏನು ಮಾಡಬೇಕು ಎಂಬ ಪ್ರಶ್ನೆಗೆ ಇಲ್ಲಿ ದಾರಿಯಿದೆ.

2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023 ಜಾರಿಗೆ ಬಂದಿದೆ. 65ಬಿಯ ಜಾಗದಲ್ಲಿ ಈಗ 63ನೇ ಕಲಮು. ಪ್ರಮಾಣಪತ್ರದ ನಮೂನೆಯನ್ನೇ ಅನುಸೂಚಿಯಲ್ಲಿ ಅಚ್ಚು ಹಾಕಿ ಕೊಟ್ಟಿದ್ದಾರೆ. ಭಾಗ ಎ ಅನ್ನು ಚಿತ್ರ ಹಾಜರುಪಡಿಸುವವರು ತುಂಬಬೇಕು: ಮೊಬೈಲೋ, ಪೆನ್‌ಡ್ರೈವೋ, ಡಿವಿಆರೋ, ಕ್ಲೌಡೋ, ಅದರ ಕಂಪನಿ, ಮಾದರಿ, ಬಣ್ಣ, ಕ್ರಮಸಂಖ್ಯೆ, ಐಎಂಇಐ ನಂಬರು, ಅದು ತಮ್ಮದೋ, ತಾವು ನಿರ್ವಹಿಸುತ್ತಿದ್ದುದೋ. ಭಾಗ ಬಿಗೆ ತಜ್ಞರ ಸಹಿ. ಎರಡರಲ್ಲೂ ಕಡತದ ಹ್ಯಾಶ್ ಮೌಲ್ಯ, ಯಾವ ವಿಧಾನದಿಂದ ಅದನ್ನು ಪಡೆಯಲಾಯಿತು ಎಂಬ ವಿವರ. ದಾಖಲೆಯನ್ನು ಸಾಕ್ಷ್ಯಕ್ಕೆಂದು ಸಲ್ಲಿಸುವ ಪ್ರತಿ ಸಲವೂ ಪ್ರಮಾಣಪತ್ರ ಜೊತೆಗಿರಬೇಕು. ಬಾಡಿಗೆದಾರನ ಮೇಲೆ ದಾವೆ ಹೂಡಿದ ಮನೆಯೊಡೆಯನೋ, ಬದು ಒತ್ತುವರಿಯಾಗಿದೆ ಎನ್ನುವ ರೈತನೋ ತನ್ನ ನಾಲ್ಕು ಫೋಟೋಗಳಿಗೆ ತಜ್ಞರನ್ನು ಎಲ್ಲಿಂದ ತರಬೇಕು, ಯಾರನ್ನು ತಜ್ಞರೆನ್ನಬೇಕು ಎಂಬ ಚರ್ಚೆ ವಕೀಲರ ಸಂಘಗಳಲ್ಲಿ ನಡೆದೇ ಇದೆ. ನಮೂನೆಯ ಉದ್ದೇಶ ಒಳ್ಳೆಯದು. ಆದರೆ ತಾಲ್ಲೂಕು ಮಟ್ಟದ ಕೋರ್ಟಿನಲ್ಲಿ ಕೈಗೆಟಕುವ ತಜ್ಞರು ಇಲ್ಲದಿದ್ದರೆ ಅದು ಬಡವರ ಸಾಕ್ಷ್ಯವನ್ನೇ ಬಾಗಿಲಲ್ಲಿ ನಿಲ್ಲಿಸುವ ಅಪಾಯವಿದೆ.

ಹ್ಯಾಶ್ ಎಂದರೆ ಕಡತದ ಬೆರಳಚ್ಚು. ಒಂದು ಚಿತ್ರದ ಕಡತದೊಳಗಿನ ಪ್ರತಿ ಅಂಕಿಯನ್ನೂ ಗಣಿತದ ಒಂದು ಸೂತ್ರಕ್ಕೆ ಹಾಕಿದಾಗ ನಿಗದಿತ ಉದ್ದದ ಅಕ್ಷರಾಂಕಗಳ ಸಾಲೊಂದು ಹೊರಬರುತ್ತದೆ. ಎಸ್‌ಎಚ್‌ಎ-256 ವಿಧಾನದಲ್ಲಿ ಆ ಸಾಲಿಗೆ 64 ಅಕ್ಷರಾಂಕ. ಚಿತ್ರದ ಒಂದೇ ಒಂದು ಚುಕ್ಕೆ ಬದಲಾದರೂ ಇಡೀ ಸಾಲು ಗುರುತು ಸಿಗದಷ್ಟು ಬೇರೆಯಾಗುತ್ತದೆ. ಇಲ್ಲಿ ತಿಳಿದಿರಬೇಕಾದ ಒಂದು ಸೂಕ್ಷ್ಮವಿದೆ. ಕಡತದ ಹೆಸರು ಬದಲಾಯಿಸಿದರೆ ಹ್ಯಾಶ್ ಬದಲಾಗುವುದಿಲ್ಲ, ಏಕೆಂದರೆ ಹೆಸರು ಕಡತದ ಹೊರಗಿನದು. ಆದರೆ ಗ್ಯಾಲರಿಯಲ್ಲಿ ಚಿತ್ರವನ್ನು ಸುಮ್ಮನೆ ಅಡ್ಡದಿಂದ ಉದ್ದಕ್ಕೆ ತಿರುಗಿಸಿ ಉಳಿಸಿದರೂ ಬದಲಾಗುತ್ತದೆ. ಅಂಚು ಕತ್ತರಿಸಿದರೆ, ಬೆಳಕು ಹೆಚ್ಚಿಸಿದರೆ ಕೇಳುವುದೇ ಬೇಡ. ಆದ್ದರಿಂದ ಮೂಲ ಕಡತವನ್ನು ಮುಟ್ಟದೆ ಹಾಗೇ ಇಟ್ಟು, ಬೇಕಾದ್ದನ್ನೆಲ್ಲ ಪ್ರತಿಯ ಮೇಲೆ ಮಾಡಬೇಕು. ಅನುಸೂಚಿಯ ನಮೂನೆಯಲ್ಲಿ ಎಂಡಿ5, ಎಸ್‌ಎಚ್‌ಎ-1ಕ್ಕೂ ಜಾಗವಿದೆ. ಆದರೆ ಎಂಡಿ5ನಲ್ಲಿ ಎರಡು ಬೇರೆ ಕಡತಗಳಿಗೆ ಒಂದೇ ಮೌಲ್ಯ ಬರುವಂತೆ ಮಾಡಬಹುದೆಂದು 2004ರಲ್ಲೇ ತೋರಿಸಲಾಗಿದೆ. 2017ರಲ್ಲಿ ಎಸ್‌ಎಚ್‌ಎ-1ಕ್ಕೂ ಅದೇ ಗತಿಯಾಯಿತು. ಆಯ್ಕೆ ಕೈಯಲ್ಲಿರುವಾಗ ಎಸ್‌ಎಚ್‌ಎ-256ನ್ನೇ ತೆಗೆದುಕೊಳ್ಳುವುದು ಸರಿ.

ಈ ಬೆರಳಚ್ಚು ಎಷ್ಟು ನಿಷ್ಠುರ ಎಂಬುದಕ್ಕೆ ಕೇರಳದ ನಟಿಯೊಬ್ಬರ ಮೇಲಿನ ದೌರ್ಜನ್ಯದ ಪ್ರಕರಣ ಸಾಕ್ಷಿ. ಅದರ ಮುಖ್ಯ ದಾಖಲೆಯಾದ ಮೆಮೊರಿ ಕಾರ್ಡ್ ನ್ಯಾಯಾಲಯದ ವಶದಲ್ಲಿದ್ದಾಗಲೇ ಅದರ ಹ್ಯಾಶ್ ಮೌಲ್ಯ ಬದಲಾಗಿರುವುದು ವಿಧಿವಿಜ್ಞಾನ ಪರೀಕ್ಷೆಯಲ್ಲಿ ಕಂಡಿತು. ಅಂದರೆ ಯಾರೋ ಅದನ್ನು ತೆರೆದಿದ್ದರು. 2023ರ ಡಿಸೆಂಬರ್‌ನಲ್ಲಿ ಕೇರಳ ಹೈಕೋರ್ಟ್ ಆ ಬಗ್ಗೆ ವಿಚಾರಣೆಗೆ ಆದೇಶಿಸಿತು. ಅರಗಿನ ಮುದ್ರೆ ಹೇಳಲಾರದ್ದನ್ನು 64 ಅಕ್ಷರಾಂಕಗಳು ಹೇಳಬಲ್ಲವು.

ಅದೇ ಪ್ರಕರಣ ಚಿತ್ರದ ಕಡತಗಳ ಬಗ್ಗೆ ಇನ್ನೊಂದು ದೊಡ್ಡ ಪ್ರಶ್ನೆಯನ್ನೂ ಇತ್ಯರ್ಥ ಮಾಡಿತು. ಮೆಮೊರಿ ಕಾರ್ಡ್ ಮುದ್ದೆಮಾಲೋ, ದಾಖಲೆಯೋ? ಮುದ್ದೆಮಾಲಾದರೆ ಆರೋಪಿ ಅದನ್ನು ನೋಡಬಹುದಷ್ಟೇ. ದಾಖಲೆಯಾದರೆ ಆರೋಪಪಟ್ಟಿಯ ಜೊತೆ ಅವನಿಗೆ ಪ್ರತಿ ಕೊಡಬೇಕು. 2019ರ ನವೆಂಬರ್ 29ರಂದು ಪಿ. ಗೋಪಾಲಕೃಷ್ಣನ್ ವಿರುದ್ಧ ಕೇರಳ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕಾರ್ಡಿನೊಳಗಿರುವ ದೃಶ್ಯ ದಾಖಲೆಯೇ ಎಂದಿತು. ಸಾಮಾನ್ಯವಾಗಿ ಪ್ರತಿ ಕೊಡಲೇಬೇಕು. ಆದರೆ ಸಂತ್ರಸ್ತೆಯ ಖಾಸಗಿತನ ಇರುವಲ್ಲಿ ಆರೋಪಿ, ಅವನ ವಕೀಲರು ಮತ್ತು ತಜ್ಞರು ನೋಡಲು ಅವಕಾಶ ಸಾಕು, ಪ್ರತಿ ಬೇಡ ಎಂದು ಎರಡೂ ಕಡೆಯ ಹಕ್ಕನ್ನು ತೂಗಿತು. ಇಂಥ ಚಿತ್ರಗಳಿಗೆ ಚೀಟಿ ಬರೆಯುವಾಗಲೂ ಎಚ್ಚರ ಬೇಕು. ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಿ ಸಂತ್ರಸ್ತರ ಗುರುತು ಹೊರಬೀಳುವಂತೆ ಅಚ್ಚು ಮಾಡುವುದು, ಪ್ರಕಟಿಸುವುದು ಅಪರಾಧ. ಲಕೋಟೆಯ ಮೇಲೆ ಅವರ ಹೆಸರು ಬರೆದು ಗುಮಾಸ್ತರ ಮೇಜಿನ ಮೇಲೆ ಇಟ್ಟುಹೋಗುವ ಸಲೀಸುತನ ನಮ್ಮ ಕಚೇರಿಗಳಿಂದ ತೊಲಗಬೇಕು. ಅಂಥ ಲಕೋಟೆಗೆ ಪ್ರಕರಣದ ನಂಬರು, ದಾಖಲೆಯ ನಂಬರು, ‘ನ್ಯಾಯಾಲಯದ ಅನುಮತಿಯಿಲ್ಲದೆ ತೆರೆಯತಕ್ಕದ್ದಲ್ಲ’ ಎಂಬ ಮಾತು ಇಷ್ಟು ಸಾಕು.

ಇನ್ನು ಜನ ನಿತ್ಯ ಎದುರಿಸುವ ಮಾತಿಗೆ ಬರೋಣ. ಜಮೀನಿನ ತಕರಾರು, ಗೋಡೆ ಬಿರುಕು, ಅಪಘಾತ, ದಂಪತಿಯ ಜಗಳ. ಎಲ್ಲದರಲ್ಲೂ ಸಾಕ್ಷ್ಯ ಇರುವುದು ವಾಟ್ಸ್‌ಆ್ಯಪ್‌ನಲ್ಲಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಕಳಿಸಿದಾಗ ಅದು ಚಿತ್ರವನ್ನು ಕುಗ್ಗಿಸುತ್ತದೆ. ಕಡತದೊಳಗೆ ಅಡಗಿರುವ ದಿನಾಂಕ, ವೇಳೆ, ಫೋನಿನ ಮಾದರಿ, ಜಾಗದ ಅಕ್ಷಾಂಶ ರೇಖಾಂಶಗಳನ್ನೆಲ್ಲ ಕಿತ್ತುಹಾಕುತ್ತದೆ. ಹೆಸರನ್ನೂ ತನ್ನದೇ ರೀತಿಯಲ್ಲಿ ಬದಲಿಸುತ್ತದೆ. ಆ ಹೆಸರಿನಲ್ಲಿ ಕಾಣುವ ದಿನಾಂಕವನ್ನು ಫೋಟೋ ತೆಗೆದ ದಿನವೆಂದು ಓದಿದರೆ ತಪ್ಪಾಗಬಹುದು. ಹೀಗೆ ಬಂದ ಚಿತ್ರವನ್ನು ಇನ್ನೊಬ್ಬರಿಗೆ ಕಳಿಸಿ, ಅವರು ಅದರ ಸ್ಕ್ರೀನ್‌ಶಾಟ್ ತೆಗೆದು ಜೆರಾಕ್ಸ್ ಅಂಗಡಿಗೆ ಕಳಿಸಿ, ಅಲ್ಲಿ ಪ್ರಿಂಟ್ ಆಗಿ ವಕೀಲರ ಕೈಸೇರುವ ಹೊತ್ತಿಗೆ ಅದಕ್ಕೆ ಅಪ್ಪ ಅಮ್ಮ ಯಾರೆಂದೇ ತಿಳಿಯದು. ವಕೀಲರಿಗೆ ಚಿತ್ರ ಕೊಡುವಾಗ ‘ಡಾಕ್ಯುಮೆಂಟ್’ ಆಗಿ ಕಳಿಸಿ. ಆಗ ಕಡತ ಮೂಲದಂತೆಯೇ ಹೋಗುತ್ತದೆ. ಇನ್ನೂ ಒಳ್ಳೆಯದು, ಕೇಬಲ್ ಹಾಕಿ ನೇರವಾಗಿ ಪೆನ್‌ಡ್ರೈವಿಗೆ ಪ್ರತಿ ಮಾಡುವುದು.

ಆ ದಿನದ ಪತ್ರಿಕೆಯನ್ನು ಕೈಯಲ್ಲಿ ಹಿಡಿದು ಜಮೀನಿನಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವ ಪದ್ಧತಿ ನಮ್ಮಲ್ಲಿದೆ. ಜನ ತಾವೇ ಕಂಡುಕೊಂಡ ಜಾಣ ಉಪಾಯ ಅದು. ಅದರ ಮಿತಿಯೂ ಗೊತ್ತಿರಲಿ: ಫೋಟೋ ಆ ದಿನಕ್ಕಿಂತ ಮೊದಲಿನದಲ್ಲ ಎಂಬುದನ್ನಷ್ಟೇ ಪತ್ರಿಕೆ ತೋರಿಸುತ್ತದೆ. ಹಳೆಯ ಪತ್ರಿಕೆಯನ್ನು ತಿಂಗಳ ನಂತರವೂ ಹಿಡಿದು ನಿಲ್ಲಬಹುದಲ್ಲ ಎಂದು ಎದುರು ವಕೀಲರು ಕೇಳಿದರೆ ಉತ್ತರ ಬೇರೆ ಕಡೆಯಿಂದ ಬರಬೇಕು, ಕಡತದೊಳಗಿನ ವೇಳೆಯಿಂದ, ಜೊತೆಗಿದ್ದವರ ಮಾತಿನಿಂದ. ಫೋನಿನ ಗಡಿಯಾರವೇ ತಪ್ಪಿದ್ದರೆ ಕಡತದ ವೇಳೆಯೂ ತಪ್ಪು; ತೆಗೆಯುವ ಮೊದಲು ಅದನ್ನೂ ನೋಡಿಕೊಳ್ಳುವುದು ಲೇಸು.

ಜಮೀನಿನ ಫೋಟೋಗಳ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು, ಏಕೆಂದರೆ ಸೋಲುವ ಫೋಟೋಗಳಲ್ಲಿ ಅವು ಬಹಳ. ಹಸಿರು ಹೊಲ, ಮೇಲೆ ಆಕಾಶ, ನಡುವೆ ಬೇಸರದಲ್ಲಿ ನಿಂತ ಒಬ್ಬ ಮನುಷ್ಯ. ಇದು ಸರ್ವೆ ನಂಬರ್ 45/2 ಎಂದು ನ್ಯಾಯಾಧೀಶರು ಹೇಗೆ ತಿಳಿಯಬೇಕು? ಬಾಂದುಕಲ್ಲು, ಕೊಳವೆಬಾವಿ, ಕಂಬದ ನಂಬರು, ಪಕ್ಕದವರ ಮನೆಯ ಮೂಲೆ, ಹೀಗೆ ಕದಲದ ಒಂದು ಗುರುತು ಚೌಕಟ್ಟಿನೊಳಗೆ ಇರಬೇಕು. ಮೊದಲು ದೂರದಿಂದ ಇಡೀ ಜಾಗ, ಆಮೇಲೆ ನಡುವಿನ ದೂರದಿಂದ ಬದು, ಕೊನೆಗೆ ಹತ್ತಿರದಿಂದ ಕಿತ್ತುಹಾಕಿದ ಕಲ್ಲಿನ ಗುಳಿ. ಮೂರರಲ್ಲೂ ಒಂದೇ ಗುರುತು ಕಂಡರೆ ನೋಡುವವರು ತಾವಾಗಿಯೇ ದಾರಿ ಹಿಡಿದು ಒಳಗೆ ಬರುತ್ತಾರೆ. ಹತ್ತಿರದ ಚಿತ್ರದಲ್ಲಿ ಅಳತೆಪಟ್ಟಿ ಇಡಿ, ಅದೇ ಚಿತ್ರವನ್ನು ಪಟ್ಟಿಯಿಲ್ಲದೆಯೂ ಒಂದು ತೆಗೆಯಿರಿ. ಪಟ್ಟಿ ಇಟ್ಟು ಏನನ್ನೋ ಮುಚ್ಚಿದಿರಿ ಎಂಬ ಮಾತಿಗೆ ಎಡೆ ಇರುವುದಿಲ್ಲ. ಒಂದು ಹಾಳೆಯ ಮೇಲೆ ಜಾಗದ ನಕ್ಷೆ ಬರೆದು, ಯಾವ ಫೋಟೋವನ್ನು ಎಲ್ಲಿ ನಿಂತು ಯಾವ ದಿಕ್ಕಿಗೆ ತೆಗೆದದ್ದು ಎಂದು ಬಾಣದ ಗುರುತು ಹಾಕಿಡುವುದು ಬಹಳ ಪ್ರಯೋಜನದ ಕೆಲಸ. ದಾವೆಯ ಚಕ್ಕುಬಂದಿಯಲ್ಲಿ ಪೂರ್ವಕ್ಕೆ ರಸ್ತೆ ಎಂದಿದ್ದರೆ ಫೋಟೋದ ವಿವರಣೆಯಲ್ಲೂ ‘ಪೂರ್ವದ ರಸ್ತೆಯಿಂದ ಪಶ್ಚಿಮಕ್ಕೆ ನೋಡಿದಾಗ’ ಎಂದೇ ಇರಬೇಕು. ‘ಮುಂದಿನಿಂದ’, ‘ಹಿಂದಿನಿಂದ’ ಎಂದಲ್ಲ. ನ್ಯಾಯಾಲಯ ಕಮಿಷನರನ್ನು ಸ್ಥಳ ಪರಿಶೀಲನೆಗೆ ಕಳಿಸಿದಾಗ ಅವರ ವರದಿಯ ಫೋಟೋಗಳಿಗೂ ಇದೇ ಶಿಸ್ತು ಸಲ್ಲುತ್ತದೆ.

ವಿವರಣೆ ಬರೆಯುವುದರಲ್ಲಿ ಎಲ್ಲೆ ಮೀರದಿರುವುದೂ ಅಷ್ಟೇ ಮುಖ್ಯ. ‘ಪ್ರತಿವಾದಿ ದೌರ್ಜನ್ಯದಿಂದ ಕೆಡವಿದ ಗೋಡೆ’ ಎಂದು ಫೋಟೋದ ಕೆಳಗೆ ಬರೆದರೆ ಅದು ವಾದವಾಯಿತು. ಕೆಡವಿದವರು ಯಾರೆಂದು ಫೋಟೋ ಹೇಳುವುದಿಲ್ಲ. ‘ದಾವಾ ಸ್ವತ್ತಿನ ಉತ್ತರದ ಗೋಡೆ, ವಾದಿಯ ಮನೆಯ ಮಹಡಿಯಿಂದ’ ಎಂಬಷ್ಟಕ್ಕೆ ನಿಲ್ಲಬೇಕು. ಉಳಿದದ್ದನ್ನು ಸಾಕ್ಷಿ ಹೇಳಲಿ. ಕಾಣುವುದನ್ನಷ್ಟೇ ಹೇಳುವ ಚೀಟಿಗೆ ಎದುರಿನವರು ಆಕ್ಷೇಪಿಸುವುದು ಕಷ್ಟ. ಅವರು ಒಪ್ಪಿಬಿಟ್ಟರೆ ಔಪಚಾರಿಕ ರುಜುವಾತಿನ ಶ್ರಮವೇ ಉಳಿಯುತ್ತದೆ. ಕ್ರಿಮಿನಲ್ ಪ್ರಕರಣಗಳಲ್ಲಿ ಅದಕ್ಕೆಂದೇ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 330ನೇ ಕಲಮು ಇದೆ.

ಕಡತಗಳ ಹೆಸರಿಗೂ ಇದೇ ಸಂಯಮ. ಮೂಲ ಕಡತಗಳಿಗೆ ಕ್ಯಾಮೆರಾ ಕೊಟ್ಟ ಹೆಸರನ್ನೇ ಬಿಟ್ಟು, ಕೆಲಸದ ಪ್ರತಿಗಳಿಗೆ ಮಾತ್ರ ದಿನಾಂಕ, ಜಾಗ, ಕ್ರಮಸಂಖ್ಯೆ ಸೇರಿಸಿದ ಹೆಸರಿಡುವುದು ಒಳ್ಳೆಯದು. ಜೊತೆಗೆ ಒಂದು ಪಟ್ಟಿ ಬೇಕು: ಪ್ರಿಂಟಿನ ನಂಬರು, ಅದರ ಮೂಲ ಕಡತದ ಹೆಸರು, ತೆಗೆದವರು, ತೆಗೆದ ದಿನ ಮತ್ತು ವೇಳೆ, ಹ್ಯಾಶ್, ಏನು ಕಾಣುತ್ತದೆ ಎಂಬ ಒಂದು ಸಾಲು. ನಿಶಾನೆಯ ನಂಬರಿಗೆ ಒಂದು ಕಲಂ ಖಾಲಿ ಬಿಡಿ, ಅದು ಕೋರ್ಟಿನಲ್ಲೇ ತುಂಬುವಂಥದ್ದು. ನಿಪಿ.1 ಎಂದು ಮನೆಯಲ್ಲೇ ಅಚ್ಚು ಹಾಕಿಕೊಂಡು ಬಂದರೆ, ಅಂದು ಬೇರೆ ದಾಖಲೆ ಮೊದಲು ಮಾರ್ಕ್ ಆದಾಗ ಎಲ್ಲ ಅದಲುಬದಲು. ಪ್ರಿಂಟಿನ ಹಿಂದೆ ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ ಮುಂದಿನ ಮುಖದಲ್ಲಿ ಉಬ್ಬು ಕಾಣುತ್ತದೆ. ಚೀಟಿಯ ಮೇಲೆ ಬರೆದು ಆಮೇಲೆ ಅಂಟಿಸುವುದು ಮೇಲು. ಫೋಟೋದ ನಡುವೆ ಸೀಲು ಬೀಳದಂತೆ, ಅಂಚಿನಲ್ಲಿ ಬಿಳಿ ಜಾಗವಿರುವ ಹಾಳೆಗೆ ಅಂಟಿಸಿ ಕೊಟ್ಟರೆ ಬೆಂಚ್ ಕ್ಲರ್ಕಿಗೂ ಉಪಕಾರ.

ರಾತ್ರಿಯ ಮಸುಕು ಚಿತ್ರದಲ್ಲಿ ವಾಹನದ ನಂಬರು ಕಾಣಬೇಕೆಂದು ಬೆಳಕು ಹೆಚ್ಚಿಸುವುದು ತಪ್ಪಲ್ಲ. ಮುಚ್ಚಿಡುವುದು ತಪ್ಪು. ಮೂಲ, ತಿದ್ದಿದ ಪ್ರತಿ ಎರಡನ್ನೂ ಪಕ್ಕಪಕ್ಕ ಹಾಜರುಪಡಿಸಿ, ಏನು ಮಾಡಲಾಯಿತು ಎಂದು ಬರೆದುಕೊಟ್ಟರೆ ಮುಗಿಯಿತು. ಆದರೆ ಇಲ್ಲದ ವಿವರವನ್ನು ಊಹಿಸಿ ತುಂಬುವ ಈಗಿನ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳನ್ನು ಸಾಕ್ಷ್ಯದ ಚಿತ್ರದ ಹತ್ತಿರ ಸುಳಿಯಗೊಡಬಾರದು. ಅದು ತೋರಿಸುವ ಅಂಕಿ ಆ ನಂಬರ್ ಪ್ಲೇಟಿನಲ್ಲಿ ಇದ್ದದ್ದೇ ಎಂದು ಪ್ರಮಾಣ ಮಾಡುವವರು ಯಾರು?

ಪೊಲೀಸರ ಮೇಲೂ ಈಗ ಹೊಸ ಹೊಣೆ ಬಿದ್ದಿದೆ. ಸುರಕ್ಷಾ ಸಂಹಿತೆಯ 105ನೇ ಕಲಮಿನಂತೆ ಶೋಧ, ಜಪ್ತಿ, ಪಟ್ಟಿ ತಯಾರಿ, ಪಂಚರ ಸಹಿ ಎಲ್ಲವೂ ವಿಡಿಯೋದಲ್ಲಿ ದಾಖಲಾಗಬೇಕು, ಮೊಬೈಲಿನಲ್ಲಾದರೂ ಸರಿ, ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಏಳು ವರ್ಷ ಅಥವಾ ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸುವುದನ್ನು ಚಿತ್ರೀಕರಿಸಬೇಕು ಎನ್ನುತ್ತದೆ 176ನೇ ಕಲಮು. ಇದಕ್ಕೆಂದು ಇ-ಸಾಕ್ಷ್ಯ ಎಂಬ ಆ್ಯಪ್ ಕೂಡ ಬಂದಿದೆ. ಪಂಚರು ಪ್ರತಿಕೂಲ ಸಾಕ್ಷಿಗಳಾಗಿ ‘ಠಾಣೆಗೆ ಕರೆಸಿ ಸಹಿ ಹಾಕಿಸಿಕೊಂಡರು’ ಎನ್ನುವ ಹಳೆಯ ಕಾಯಿಲೆಗೆ ಇದು ಮದ್ದಾಗಬಹುದು. ಚಿತ್ರ ಇದ್ದೂ ತರದಿದ್ದರೆ ಏನಾಗುತ್ತದೆ ಎಂಬುದಕ್ಕೆ 2015ರ ತೊಮಾಸೊ ಬ್ರೂನೊ ಪ್ರಕರಣವಿದೆ: ವಾರಾಣಸಿಯ ಹೋಟೆಲೊಂದರ ಸಾವಿನಲ್ಲಿ ಅಲ್ಲಿನ ಸಿಸಿಟಿವಿ ದೃಶ್ಯವನ್ನು ಅಭಿಯೋಜನೆ ಹಾಜರುಪಡಿಸಲಿಲ್ಲ, ಅದನ್ನು ಸುಪ್ರೀಂ ಕೋರ್ಟ್ ಅಭಿಯೋಜನೆಯ ವಿರುದ್ಧವೇ ಎಣಿಸಿ ಇಟಲಿಯ ಇಬ್ಬರು ಆರೋಪಿಗಳನ್ನು ಬಿಡುಗಡೆ ಮಾಡಿತು. ಪ್ರಮಾಣಪತ್ರದ ಬಗ್ಗೆ ಆ ತೀರ್ಪು ಹೇಳಿದ್ದನ್ನು 2020ರಲ್ಲಿ ತಳ್ಳಿಹಾಕಲಾಗಿದೆ.

ಉಳಿಸಿಕೊಳ್ಳುವ ಸಂಕಟ ಬೇರೆಯೇ. ಹತ್ತು ವರ್ಷದ ಹಿಂದೆ ಕಡತಕ್ಕೆ ಹೊಲಿದ ಸಿಡಿ ಗೀಚು ಬಿದ್ದು ಓದದು. ಓದುವಂತಿದ್ದರೂ ಹೊಸ ಲ್ಯಾಪ್‌ಟಾಪುಗಳಲ್ಲಿ ಸಿಡಿ ಹಾಕುವ ಜಾಗವೇ ಇಲ್ಲ. ವರ್ಷಗಟ್ಟಲೆ ಮುಟ್ಟದೆ ಇಟ್ಟ ಪೆನ್‌ಡ್ರೈವ್‌ಗಳೂ ಮೌನವಾಗಿ ಮಾಹಿತಿ ಕಳೆದುಕೊಳ್ಳುತ್ತವೆ. ಸಾದಾ ಇಂಕ್‌ಜೆಟ್ ಪ್ರಿಂಟು ಬೆಳಕಿಗೆ ಮಂಕಾಗುತ್ತದೆ, ಲ್ಯಾಬಿನಲ್ಲಿ ಹಾಕಿಸಿದ್ದು ಹೆಚ್ಚು ಬಾಳುತ್ತದೆ. ಎರಡು ಬೇರೆ ಸಾಧನಗಳಲ್ಲಿ ಪ್ರತಿ ಇಟ್ಟು, ವರ್ಷಕ್ಕೊಮ್ಮೆ ತೆರೆದು ಹ್ಯಾಶ್ ತಾಳೆ ನೋಡುವ ವಕೀಲರ ಕಚೇರಿಗಳು ಎಷ್ಟಿದ್ದರೂ ಸಾಲದು.

ಹಿಂದೆಯೇ ಪ್ರಮಾಣಪತ್ರ ಹಾಕದೆ ಬಿಟ್ಟವರಿಗೆ ನಮ್ಮ ರಾಜ್ಯದಿಂದಲೇ ಹೋದ ಒಂದು ಪ್ರಕರಣ ಆಸರೆಯಾಗಿದೆ. ಲೋಕಾಯುಕ್ತ ಪೊಲೀಸರು ದೂರುದಾರರ ಕೈಗೆ ಗುಪ್ತ ಕ್ಯಾಮೆರಾ ಕೊಟ್ಟು ಲಂಚದ ಮಾತುಕತೆಯನ್ನು ದಾಖಲಿಸಿದ್ದ ಪ್ರಕರಣ ಅದು. ಆರೋಪಪಟ್ಟಿಯ ಜೊತೆ 65ಬಿ ಪ್ರಮಾಣಪತ್ರ ಇರಲಿಲ್ಲವೆಂದು ಕರ್ನಾಟಕ ಹೈಕೋರ್ಟ್ ಆರೋಪಿಯನ್ನು ಬಿಡುಗಡೆ ಮಾಡಿತ್ತು. 2019ರ ಮೇ ತಿಂಗಳಲ್ಲಿ ಕರ್ನಾಟಕ ರಾಜ್ಯ ವಿರುದ್ಧ ಎಂ.ಆರ್. ಹಿರೇಮಠ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಪ್ರಮಾಣಪತ್ರ ಬೇಕಾಗುವುದು ಆ ದಾಖಲೆಯನ್ನು ಸಾಕ್ಷ್ಯವಾಗಿ ಮುಂದಿಡುವ ವಿಚಾರಣೆಯ ಹಂತದಲ್ಲಿ. ಆರೋಪಪಟ್ಟಿಯ ಹೊತ್ತಿಗೆ ಇಲ್ಲದ್ದು ಸರಿಪಡಿಸಬಹುದಾದ ಕೊರತೆ ಎಂದಿತು. ಆದರೆ ಆ ಕೊರತೆ ತುಂಬಬೇಕಾದರೆ ಫೋಟೋ ತೆಗೆದ ಫೋನು, ಮೆಮೊರಿ ಕಾರ್ಡು ಎಲ್ಲಾದರೂ ಇರಬೇಕು. ಕೇಸು ಇತ್ಯರ್ಥವಾಗುವ ಮೊದಲೇ ಹಳೆಯ ಫೋನನ್ನು ಎಕ್ಸ್‌ಚೇಂಜ್‌ಗೆ ಹಾಕಿಬಿಟ್ಟವರ ಬಳಿ ಭಾಗ ಎಯಲ್ಲಿ ತುಂಬಲು ಐಎಂಇಐ ನಂಬರು ಇದ್ದೀತು, ತೋರಿಸಲು ಮೂಲ ಇರುವುದಿಲ್ಲ.